ಈಚಲ ಬೆಲ್ಲವೂ ಸಂಕ್ರಾಂತಿಯ ಒಲೆಯೂ

ಮಕರ ಸಂಕ್ರಾಂತಿಯ ದಿನ ಮೈಸೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರ ಎಲೆಯನ್ನು ನೋಡಿದರೆ ಹೊಸಬರಿಗೆ ಸ್ವಲ್ಪ ಆಶ್ಚರ್ಯವಾದೀತು. ಎಲೆಯ ಮೇಲೆ ಸಿಹಿ ಪೊಂಗಲು, ಮೆಣಸಿನ ಹುಗ್ಗಿ, ಅವರೆಕಾಳಿನ ಹುಳಿ, ಎಳ್ಳುಬೆಲ್ಲ, ಕಬ್ಬಿನ ತುಂಡು ಇವೆಲ್ಲ ಇರುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಇವು ಯಾವ ಮನೆಯಲ್ಲಿಯಾದರೂ ಇರತಕ್ಕವೇ. ಆದರೆ ಎಲೆಯ ಪಕ್ಕದ ಬಟ್ಟಲಿನಲ್ಲಿ ತಿಳಿಗಂದು ಬಣ್ಣದ ಮಂದವಾದ ಹಾಲು. ಅದರೊಳಗೆ ಬಿದಿಗೆಯ ಚಂದ್ರನಂತೆ ಬಾಗಿದ ಅಕ್ಕಿಯ ಪುಟ್ಟ ಕಡುಬುಗಳು. ಇದರ ಹೆಸರು ದುಧ್ ಪುಲಿ. ಬಂಗಾಳಿಗಳು ಅದೇ ದಿನ ತಮ್ಮ ಮನೆಗಳಲ್ಲಿ ಮಾಡುವ ‘ಪಿಠೆ’ ಎಂಬ ಭಕ್ಷ್ಯಗಳಲ್ಲಿ ಇದೊಂದು ಬಗೆ.

ನಮ್ಮ ಶ್ರೀಮತಿಯವರು ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯವರು. ಸಸ್ಯಶಾಸ್ತ್ರವನ್ನು ಓದಲು ಮೈಸೂರಿಗೆ ಬಂದವರು, ನಮ್ಮ ಮನೆಯ ಸೊಸೆಯಾಗಿ ಇಲ್ಲಿಯೇ ನಿಂತರು. ಕನ್ನಡವನ್ನು ಕಲಿತರು, ಹುಳಿಗೂ ಸಾರಿಗೂ ಇರುವ ಭೇದವನ್ನೂ ಕಲಿತರು. ಆದರೆ ಮದುವೆಯಾದ ಮೇಲೆ ಬಂದ ಮೊದಲ ಸಂಕ್ರಾಂತಿಯ ಊಟ ಸುಖವಾಗಿ ಮುಗಿಯಲಿಲ್ಲ. ಏಕೆ ಮುಗಿಯಲಿಲ್ಲ, ಮರುವರ್ಷ ಅದು ಹೇಗೆ ಸರಿಹೋಯಿತು ಎಂಬುದನ್ನು ಇಲ್ಲಿ ಹೇಳುತ್ತೇವೆ. ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಮನೆಯ ಮಾತನ್ನು ಹೇಳುವಾಗಲೂ ನಡುವೆ ಪಾಠ ನುಸುಳುವುದು ನಮ್ಮ ಕಸುಬಿನ ದೋಷ. ವಾಚಕರು ಮನ್ನಿಸಬೇಕು.

ಒಂದೇ ಸೂರ್ಯ, ಎರಡು ಹಬ್ಬ

ಮೊದಲು ಒಂದು ಪ್ರಶ್ನೆ. ಮೈಸೂರಿಗೂ ನದಿಯಾ ಜಿಲ್ಲೆಗೂ ಸಾವಿರಾರು ಕಿಲೋಮೀಟರುಗಳ ಅಂತರವಿದೆ. ಭಾಷೆ ಬೇರೆ, ಲಿಪಿ ಬೇರೆ, ಪಂಚಾಂಗ ಬೇರೆ. ಹೀಗಿರುವಾಗ ಎರಡು ಕಡೆಯೂ ಒಂದೇ ದಿನ ಹೊಸ ಅಕ್ಕಿಯನ್ನೂ ಬೆಲ್ಲವನ್ನೂ ಒಲೆಯ ಮೇಲಿಡುವುದಕ್ಕೆ ಕಾರಣವೇನು?

ಕಾರಣ ಆಕಾಶದಲ್ಲಿದೆ. ನಮ್ಮ ಯುಗಾದಿ, ಗೌರಿ, ದೀಪಾವಳಿಗಳು ಚಂದ್ರನ ತಿಥಿಗಳನ್ನು ಅನುಸರಿಸುವ ಹಬ್ಬಗಳು. ಆದ್ದರಿಂದಲೇ ಇಂಗ್ಲಿಷ್ ತಾರೀಖಿನ ಲೆಕ್ಕದಲ್ಲಿ ಅವು ವರ್ಷವರ್ಷವೂ ಹಿಂದುಮುಂದಾಗುತ್ತವೆ. ಸಂಕ್ರಾಂತಿಯಾದರೋ ಸೂರ್ಯನ ಹಬ್ಬ. ನಕ್ಷತ್ರಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಸೂರ್ಯನ ವಾರ್ಷಿಕ ಪಥವನ್ನು ಹನ್ನೆರಡು ರಾಶಿಗಳಾಗಿ ಭಾಗಿಸಿದ್ದಾರಷ್ಟೆ. ಸೂರ್ಯ ಧನುಸ್ಸನ್ನು ಬಿಟ್ಟು ಮಕರವನ್ನು ಪ್ರವೇಶಿಸುವ ಗಳಿಗೆಯೇ ಮಕರ ಸಂಕ್ರಾಂತಿ. ಆ ಗಳಿಗೆ ಮೈಸೂರಿಗೂ ಒಂದೇ, ಬಂಗಾಳಕ್ಕೂ ಒಂದೇ. ಬಂಗಾಳದ ಸೌರಮಾನದಲ್ಲಿ ಅದು ಪೌಷ ಮಾಸದ ಕೊನೆಯ ದಿನ. ಆದ್ದರಿಂದ ಅವರಿಗೆ ಅದು ಪೌಷ ಸಂಕ್ರಾಂತಿ. ತಮಿಳರಿಗೆ ತೈ ಮಾಸದ ಮೊದಲ ದಿನ. ಅವರಿಗೆ ಅದು ಪೊಂಗಲ್. ಒಬ್ಬರು ಬಾಗಿಲನ್ನು ಮುಚ್ಚುತ್ತಿದ್ದರೆ ಮತ್ತೊಬ್ಬರು ತೆರೆಯುತ್ತಿರುತ್ತಾರೆ. ಬಾಗಿಲು ಮಾತ್ರ ಒಂದೇ.

ಈ ದಿನವನ್ನು ಉತ್ತರಾಯಣ ಪುಣ್ಯಕಾಲವೆಂದು ಕರೆಯುವ ರೂಢಿಯಿದೆ. ಆದರೆ ಸೂರ್ಯ ದಕ್ಷಿಣದ ತುದಿಯಿಂದ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಇಪ್ಪತ್ತನಾಲ್ಕು ದಿನಗಳಷ್ಟು ಈ ವ್ಯತ್ಯಾಸ ಎಲ್ಲಿಂದ ಬಂತು? ಭೂಮಿಯ ಅಕ್ಷವು, ವೇಗ ಕುಂದುತ್ತಿರುವ ಬುಗುರಿಯ ಅಕ್ಷದಂತೆ, ಬಹು ನಿಧಾನವಾಗಿ ಸುತ್ತಾಡುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷಗಳು ಬೇಕು. ಇದರಿಂದಾಗಿ ಅಯನಬಿಂದುಗಳು ನಕ್ಷತ್ರಗಳ ನಡುವೆ ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ಸರಿಯುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಉತ್ತರಾಯಣವೂ ಮಕರ ಪ್ರವೇಶವೂ ಒಂದೇ ದಿನ ಸಂಭವಿಸುತ್ತಿದ್ದವು, ಈಗ ಬೇರೆಯಾಗಿವೆ. ಇದೇ ಕಾರಣದಿಂದ ಸಂಕ್ರಾಂತಿಯ ತಾರೀಖು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಪೌಷ ಸಂಕ್ರಾಂತಿಯ ದಿನ. ಆ ತಾರೀಖು 1863ರ ಜನವರಿ 12. ಈಚಿನ ವರ್ಷಗಳಲ್ಲಿ ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು.

ಈ ಗೊಂದಲವನ್ನು ಪರಿಹರಿಸಲು 1952ರಲ್ಲಿ ಭಾರತ ಸರ್ಕಾರವು ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ಬಂಗಾಳದವರೇ ಆದ ಭೌತವಿಜ್ಞಾನಿ ಮೇಘನಾದ ಸಾಹಾ. ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ಅರಿಯಲು ನೆರವಾಗುವ ಸಮೀಕರಣವನ್ನು 1920ರಲ್ಲಿ ನೀಡಿದವರು. ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸವು ಡಿಸೆಂಬರ್ 22ರಂದು, ಎಂದರೆ ನಿಜವಾದ ಉತ್ತರಾಯಣದ ಹೊತ್ತಿಗೆ, ಆರಂಭವಾಗುತ್ತದೆ. ಆದರೆ ಅಡಿಗೆಮನೆಗಳು ಸಮಿತಿಯ ವರದಿಗಳನ್ನು ಓದುವುದಿಲ್ಲ. ಹಬ್ಬ ಹಳೆಯ ದಿನದಲ್ಲಿಯೇ ನಿಂತಿತು.

ಮೊದಲ ವರ್ಷ

ಆ ವರ್ಷ ಡಿಸೆಂಬರಿನ ಕೊನೆಯಲ್ಲಿ ಊರಿನಿಂದ ಬಂದ ಬಂಧುಗಳೊಬ್ಬರ ಕೈಯಲ್ಲಿ ನಮ್ಮ ಅತ್ತೆಯವರು ಮಗಳಿಗಾಗಿ ಒಂದು ಮಣ್ಣಿನ ಕುಡಿಕೆಯನ್ನು ಕಳುಹಿಸಿದ್ದರು. ಅದರೊಳಗೆ ಜೇನಿನಷ್ಟು ಮಂದವಾದ ಕಂದುಬಣ್ಣದ ಬೆಲ್ಲ. ಬಾಯಿಕಟ್ಟನ್ನು ಬಿಚ್ಚಿದೊಡನೆ ಹೊಗೆಯ ವಾಸನೆಯೂ ಹೂವಿನ ವಾಸನೆಯೂ ಕಲೆತಂತಹ ಒಂದು ಪರಿಮಳ ಮನೆಯನ್ನೆಲ್ಲ ತುಂಬಿತು. ಬಂಗಾಳಿಗಳು ಇದನ್ನು ‘ನೊಲೆನ್ ಗುಡ’ ಎನ್ನುತ್ತಾರೆ. ಚಳಿಗಾಲದ ಹೊಸ ಬೆಲ್ಲ.

ಹಬ್ಬದ ಬೆಳಗ್ಗೆ ನಮ್ಮ ತಾಯಿಯವರು ಪೊಂಗಲಿನ ಕೆಲಸದಲ್ಲಿದ್ದರು. ಪಕ್ಕದ ಒಲೆಯಲ್ಲಿ ನಮ್ಮ ಶ್ರೀಮತಿಯವರು ಪುಲಿಗಾಗಿ ಹಾಲನ್ನು ಕಾಯಿಸುತ್ತಿದ್ದರು. ತವರಿನಲ್ಲಿ ತಿಂದು ಬಲ್ಲವರೇ ಹೊರತು ಮಾಡಿ ಬಲ್ಲವರಲ್ಲ. ಹಾಲು ಮರಳುತ್ತಿರುವಾಗಲೇ ಒಂದು ದೊಡ್ಡ ಸೌಟು ಬೆಲ್ಲವನ್ನು ಸುರಿದರು. ಅರೆನಿಮಿಷದಲ್ಲಿ ಹಾಲು ಒಡೆದು, ಮೇಲೆ ಬಿಳಿಯ ಗಷ್ಟು, ಕೆಳಗೆ ಹಳದಿಯ ನೀರು.

ಹಬ್ಬದ ದಿನ ಹಾಲು ಒಡೆಯುವುದನ್ನು ನಮ್ಮಲ್ಲಿ ಒಳ್ಳೆಯ ಶಕುನವೆಂದು ಎಣಿಸುವುದಿಲ್ಲ. ನಮ್ಮ ತಾಯಿಯವರು ಬೈಯುವವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಯಾವ ಬೆಲ್ಲ ಕಣಮ್ಮ? ಕಬ್ಬಿನದಲ್ಲವೆ?” ಎಂದು ಕೇಳಿದರು.

ಸಸ್ಯಶಾಸ್ತ್ರವನ್ನು ಓದಿದವರು ಮರದ ಹೆಸರನ್ನು ತಪ್ಪಾಗಿ ಹೇಳುವುದಿಲ್ಲ. “ಅಲ್ಲ ಅತ್ತೆ, ನಮ್ಮ ಕಡೆ ಖೇಜೂರ್ ಅನ್ನುತ್ತಾರೆ. ಕನ್ನಡದಲ್ಲಿ ಈಚಲು,” ಎಂದರು.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ನಮ್ಮ ಸೀಮೆಯಲ್ಲಿ ಈಚಲಿನ ಹೆಸರು ಹೆಂಡದೊಡನೆ ಅಷ್ಟು ಗಾಢವಾಗಿ ಅಂಟಿಕೊಂಡಿದೆ; ಅದರ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕ ನಂಬುವುದಿಲ್ಲ. ಅಂತಹ ಮರದ ರಸ ದೇವರ ನೈವೇದ್ಯಕ್ಕೆ! ನಮ್ಮ ತಾಯಿಯವರು ಏನನ್ನೂ ಹೇಳಲಿಲ್ಲ. ಕುಡಿಕೆಯನ್ನು ಎತ್ತಿ ಹಿತ್ತಲ ಜಗಲಿಯ ಮೇಲೆ ಇಡಿಸಿದರು. ಸಂಜೆ ನಮ್ಮ ಶ್ರೀಮತಿಯವರು ಎಲ್ಲರಂತೆ ರೇಷ್ಮೆ ಸೀರೆಯುಟ್ಟು ನೆರೆಯ ಮನೆಗಳಿಗೆ ಎಳ್ಳು ಬೀರಲು ಹೋದರು. ಎಳ್ಳುಬೆಲ್ಲವನ್ನು ತಿಂದು ಒಳ್ಳೆಯ ಮಾತನಾಡಬೇಕೆಂಬುದು ಹಬ್ಬದ ನಿಯಮ. ನಮ್ಮ ಮನೆಯಲ್ಲಿ ಅಂದು ರಾತ್ರಿ ಕೆಟ್ಟ ಮಾತನ್ನು ಯಾರೂ ಆಡಲಿಲ್ಲ. ಒಳ್ಳೆಯ ಮಾತನ್ನೂ ಆಡಲಿಲ್ಲ.

ಹಾಲು ಏಕೆ ಒಡೆಯಿತು?

ಇದರಲ್ಲಿ ಶಕುನದ ಪಾತ್ರವೇನೂ ಇಲ್ಲವೆಂಬುದನ್ನು ತೋರಿಸುವುದು ಕಷ್ಟವಲ್ಲ. ಹಾಲು ಕೇವಲ ದ್ರವವಲ್ಲ. ನೀರಿನಲ್ಲಿ ಕೊಬ್ಬಿನ ಸಣ್ಣ ಹನಿಗಳೂ ಕೇಸೀನ್ ಎಂಬ ಪ್ರೋಟೀನಿನ ಕಣಗಳೂ ತೇಲುತ್ತಿರುವ ಒಂದು ಕಲಿಲ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಸೀನ್. ಅದರ ಒಂದೊಂದು ಕಣದ ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗ. ಹಾಲಿಗೆ ಬಿಳಿಯ ಬಣ್ಣ ಬರುವುದೇ ಈ ಕಣಗಳೂ ಕೊಬ್ಬಿನ ಹನಿಗಳೂ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ.

ಇಷ್ಟು ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದರೂ ಏಕೆ ಅಂಟಿಕೊಳ್ಳುವುದಿಲ್ಲ? ಅವುಗಳ ಮೇಲ್ಮೈಯಲ್ಲಿ ಋಣವಿದ್ಯುದಂಶವಿದೆ. ಒಂದೇ ಬಗೆಯ ವಿದ್ಯುದಂಶಗಳು ಪರಸ್ಪರ ದೂಡುತ್ತವೆಂಬುದು ನಮ್ಮ ವಾಚಕರಿಗೆ ತಿಳಿದ ವಿಷಯ. ಹಾಲಿಗೆ ಆಮ್ಲವನ್ನು ಸೇರಿಸಿದರೆ ಧನವಿದ್ಯುದಂಶವುಳ್ಳ ಹೈಡ್ರೊಜನ್ ಅಯಾನುಗಳು ಈ ಋಣಾಂಶವನ್ನು ತಗ್ಗಿಸುತ್ತವೆ. ದೂಡುವ ಬಲ ಕುಗ್ಗುತ್ತದೆ. ಕಣಗಳು ಕೂಡಿಕೊಂಡು ಗಡ್ಡೆಕಟ್ಟುತ್ತವೆ. ಹೊಸ ಹಾಲಿನ ಪಿಎಚ್ ಮೌಲ್ಯ ಸುಮಾರು 6.6. ತಣ್ಣನೆಯ ಹಾಲಿನಲ್ಲಿ ಕೇಸೀನ್ ಪೂರ್ತಿಯಾಗಿ ಬೇರ್ಪಡಬೇಕಾದರೆ ಇದು 4.6ರವರೆಗೆ ಇಳಿಯಬೇಕು. ಆದರೆ ಮರಳುವ ಹಾಲಿನಲ್ಲಿ ಕಣಗಳ ವೇಗ ಹೆಚ್ಚು, ಡಿಕ್ಕಿಯ ರಭಸ ಹೆಚ್ಚು; ಅಲ್ಲಿ ಇದಕ್ಕಿಂತ ಬಹು ಕಡಿಮೆ ಆಮ್ಲವೇ ಸಾಕಾಗುತ್ತದೆ.

ಬೆಲ್ಲ ಬರಿಯ ಸಕ್ಕರೆಯಲ್ಲ. ಅದರಲ್ಲಿ ಅಲ್ಪ ಪ್ರಮಾಣದ ಆಮ್ಲಗಳೂ ಖನಿಜ ಲವಣಗಳೂ ಉಂಟು. ಕುದಿಯುವ ಹಾಲಿಗೆ ಬಿದ್ದಾಗ ಅಷ್ಟೇ ಸಾಕಾಯಿತು. ಇದು ಈಚಲ ಬೆಲ್ಲಕ್ಕೆ ಮಾತ್ರ ಸಲ್ಲುವ ದೋಷವಲ್ಲ. ಮಂಡ್ಯದ ಕಬ್ಬಿನ ಬೆಲ್ಲವೂ ಕುದಿಯುವ ಹಾಲನ್ನು ಒಡೆಯಬಲ್ಲದು. ಪರಿಹಾರ ಸುಲಭ: ಹಾಲನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲವನ್ನು ಬೆರೆಸಬೇಕು.

ಇದನ್ನೆಲ್ಲ ನಾವು ಹಬ್ಬದ ಮರುದಿನ ನಮ್ಮ ತಾಯಿಯವರಿಗೆ ವಿವರಿಸಿದೆವು. ಅವರು ಪೂರ್ತಿಯಾಗಿ ಕೇಳಿ, “ಸರಿಯಪ್ಪ,” ಎಂದು ಎದ್ದು ಹೋದರು. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತವರ ಮುಖದಲ್ಲಿ ಈ ಬಗೆಯ ಒಪ್ಪಿಗೆಯನ್ನು ನಾವು ಅನೇಕ ಸಲ ಕಂಡಿದ್ದೇವೆ.

ಒಂದೇ ರಸ, ಎರಡು ದಾರಿ

ಕುಡಿಕೆ ಜಗಲಿಗೆ ಹೋದದ್ದಕ್ಕೆ ಒಡೆದ ಹಾಲು ಅರ್ಧ ಕಾರಣ. ಮರದ ಹೆಸರು ಇನ್ನರ್ಧ. ಹಾಗಾದರೆ ಹೆಂಡ ಕೊಡುವ ಮರದಿಂದ ಬೆಲ್ಲ ಬರುವುದು ಹೇಗೆ?

ಚಳಿಗಾಲ ಬಂದೊಡನೆ ಬಂಗಾಳದ ಹಳ್ಳಿಗಳಲ್ಲಿ ‘ಶಿಉಲಿ’ಗಳೆಂಬ ಕೆಲಸಗಾರರು ಈಚಲ ಮರವನ್ನೇರಿ, ನೆತ್ತಿಯ ಬಳಿ ಒಂದು ಪಕ್ಕದ ಗರಿಗಳನ್ನು ಸವರಿ, ಕಾಂಡದ ಎಳೆಯ ಭಾಗವನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಹೆರೆಯುತ್ತಾರೆ. ಅಲ್ಲಿಂದ ಜಿನುಗುವ ರಸ ಬಿದಿರಿನ ಸಣ್ಣ ದಬ್ಬೆಯ ಮೂಲಕ ಮಣ್ಣಿನ ಗಡಿಗೆಗೆ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಸೂರ್ಯೋದಯಕ್ಕೆ ಮೊದಲೇ ಗಡಿಗೆಯನ್ನು ಇಳಿಸಬೇಕು. ಮರಕ್ಕೆ ನಡುನಡುವೆ ಕೆಲವು ದಿನಗಳ ವಿಶ್ರಾಂತಿಯನ್ನೂ ಕೊಡಬೇಕು.

ಈ ರಸದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಸಕ್ಕರೆ. ಬಹುಮಟ್ಟಿಗೆ ಕಬ್ಬಿನಲ್ಲಿರುವ ಸುಕ್ರೋಸೇ. ಗಾಳಿಯಲ್ಲಿಯೂ ಮರದ ಮೇಲೂ ಇರುವ ಯೀಸ್ಟ್ ಎಂಬ ಏಕಕೋಶ ಜೀವಿಗಳು ರಸಕ್ಕೆ ಬಿದ್ದೇ ತೀರುತ್ತವೆ. ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುತ್ತವೆ. ಹೆಂಡದ ನೊರೆ ಈ ಅನಿಲದ ನೊರೆಯೇ. ಇಂತಹ ಕ್ರಿಯೆಗಳ ವೇಗವು ಉಷ್ಣತೆ 10 ಡಿಗ್ರಿ ಏರಿದರೆ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ನದಿಯಾ ಸೀಮೆಯಲ್ಲಿ ಜನವರಿಯ ರಾತ್ರಿ ಉಷ್ಣತೆ 12 ಡಿಗ್ರಿ ಸೆಂಟಿಗ್ರೇಡಿನವರೆಗೆ ಇಳಿಯುವುದುಂಟು. 32 ಡಿಗ್ರಿಯ ಬೇಸಿಗೆಯ ರಾತ್ರಿಗೆ ಹೋಲಿಸಿದರೆ ಹುದುಗುವಿಕೆಯ ವೇಗ ಅಲ್ಲಿ ಕಾಲು ಭಾಗವಷ್ಟೆ. ಚಳಿಯೇ ಆ ರಸದ ಕಾವಲುಗಾರ. ಹೊತ್ತೇರುವವರೆಗೆ ಬಿಟ್ಟರೆ ಬಂಗಾಳದಲ್ಲಿಯೂ ಅದು ತಾಡಿಯಾಗುತ್ತದೆ. ಮುಂಜಾನೆಯೇ ಒಲೆಗೇರಿಸಿದರೆ ಬೆಲ್ಲವಾಗುತ್ತದೆ. ನಮ್ಮಲ್ಲಿ ನೀರಾ ಇಳಿಸುವವರು ಗಡಿಗೆಯ ಒಳಗೆ ಸುಣ್ಣ ಬಳಿಯುವುದೂ ಹುದುಗುವಿಕೆಯನ್ನು ತಡೆಯುವುದಕ್ಕಾಗಿಯೇ.

ಒಲೆಯ ಕೆಲಸ ಸಣ್ಣದಲ್ಲ. ಹತ್ತು ಕಿಲೋಗ್ರಾಂ ರಸದಿಂದ ಒಂದು ಕಿಲೋಗ್ರಾಂ ಬೆಲ್ಲ ಬರಬೇಕಾದರೆ ಒಂಬತ್ತು ಕಿಲೋಗ್ರಾಂ ನೀರು ಆವಿಯಾಗಿ ಹೋಗಬೇಕು. ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬೇಕು. ಅಂದರೆ ಒಟ್ಟು 48 ಲಕ್ಷ 60 ಸಾವಿರ ಕ್ಯಾಲೊರಿ. ರಸವನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖ ಬೇರೆ. ಒಲೆಯ ಶಾಖದಲ್ಲಿ ಒಂದಿಷ್ಟೂ ಪೋಲಾಗದಿದ್ದರೂ ಒಂದು ಕಿಲೋಗ್ರಾಮಿಗಿಂತ ಹೆಚ್ಚು ಸೌದೆ ಉರಿಯಬೇಕು. ಪೋಲಾಗದ ಒಲೆಯನ್ನು ನಾವು ಕಂಡಿಲ್ಲ. ನೀರು ಕಡಮೆಯಾದಂತೆ ಪಾಕದ ಕುದಿಯುವ ಉಷ್ಣತೆ ನೂರನ್ನು ದಾಟಿ ಏರುತ್ತದೆ. ಅಚ್ಚುಬೆಲ್ಲದ ಹದಕ್ಕೆ ಬರುವಾಗ 115 ಡಿಗ್ರಿಯನ್ನೂ ಮೀರುತ್ತದೆ. ಆ ಉಷ್ಣತೆಯಲ್ಲಿ ಯೀಸ್ಟ್ ಬದುಕಲಾರದು. ಬೆಲ್ಲವಾದ ಮೇಲೆ ಹೊಸ ಯೀಸ್ಟ್ ಬಂದು ಬಿದ್ದರೂ, ಅಷ್ಟೊಂದು ಸಕ್ಕರೆಯ ನಡುವೆ ಅದರ ಮೈಯ ನೀರೇ ಹೊರಕ್ಕೆ ಸೆಳೆಯಲ್ಪಟ್ಟು ಅದು ಬೆಳೆಯಲಾರದು. ಹೀಗೆ ಹೆಂಡವೂ ಬೆಲ್ಲವೂ ಒಂದೇ ತಾಯಿಯ ಮಕ್ಕಳಾದರೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಿಲ್ಲ.

ಎರಡನೆಯ ವರ್ಷ

ಮರುವರ್ಷ ಸಂಕ್ರಾಂತಿಗೆ ನಮ್ಮ ಅತ್ತೆಯವರೇ ಬಂದರು. ರೈಲಿನಲ್ಲಿ ಎರಡು ರಾತ್ರಿ ಕಳೆದು ಇಳಿದವರ ಮಡಿಲಲ್ಲಿ ಅದೇ ಬಗೆಯ ಕುಡಿಕೆ. ಚೀಲದಲ್ಲಿ ‘ಪಾಟಾಲಿ’ ಎಂಬ ಗಟ್ಟಿ ಬೆಲ್ಲದ ಬಿಲ್ಲೆಗಳು. ಮಗಳು ಹೋದ ವರ್ಷದ ಸಂಗತಿಯನ್ನು ತಾಯಿಗೆ ಬರೆದಿರಲಿಲ್ಲ. ಈ ಕುಡಿಕೆಯೂ ಜಗಲಿಗೆ ಹೋದರೆ ಹೇಗೆಂಬ ಚಿಂತೆ ನಮ್ಮಿಬ್ಬರನ್ನೂ ಕಾಡಿತು. ಬೀಗಿತ್ತಿಯರಿಬ್ಬರಿಗೂ ಸಾಮಾನ್ಯವಾದ ಭಾಷೆ ಒಂದೂ ಇಲ್ಲ. ಅತ್ತೆಯವರು ಕುಡಿಕೆಯನ್ನು ಮುಂದೆ ಹಿಡಿದು “ಗುಡ,” ಎಂದರು. ನೈವೇದ್ಯದ ಸಂಸ್ಕೃತದಲ್ಲಿ ಆ ಮಾತನ್ನು ಕೇಳಿ ಬಲ್ಲ ನಮ್ಮ ತಾಯಿಯವರು ಎರಡು ಕೈಯಿಂದಲೂ ಅದನ್ನು ತೆಗೆದುಕೊಂಡರು, ಕಪಾಟಿನಲ್ಲಿಟ್ಟರು. ದೇವರ ಮನೆಯ ಕಪಾಟಲ್ಲ, ಆದರೆ ಜಗಲಿಯೂ ಅಲ್ಲ.

ಹಬ್ಬದ ಬೆಳಗ್ಗೆ ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ನಿಂತರು. ಅತ್ತೆಯವರು ನೀರನ್ನು ಮರಳಿಸಿ, ಅಕ್ಕಿಯ ಹಿಟ್ಟನ್ನು ಅದರೊಳಗೆ ಸುರಿದು, ಮುಚ್ಚಿಟ್ಟು, ಬಿಸಿಯಾಗಿರುವಾಗಲೇ ನಾದತೊಡಗಿದರು. ಪಕ್ಕದಲ್ಲಿ ನೋಡುತ್ತಿದ್ದ ನಮ್ಮ ತಾಯಿಯವರು ನಮ್ಮನ್ನು ಕೂಗಿದರು: “ಇದು ನಮ್ಮ ಉಕ್ಕರಿಸಿದ ಹಿಟ್ಟೇ ಕಣೋ! ಗಣಪತಿಯ ಕಡುಬಿಗೆ ನಾನು ಮಾಡುವುದೂ ಹೀಗೇ ಅಲ್ಲವೆ?”

ನಿಜ. ಗೋದಿಯ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದರ ಪ್ರೋಟೀನುಗಳು ಕೂಡಿಕೊಂಡು ಗ್ಲೂಟೆನ್ ಎಂಬ ಜಿಗುಟಾದ ಬಲೆಯಾಗುತ್ತವೆ. ಹಿಟ್ಟು ಎಳೆದಂತೆ ಬರುತ್ತದೆ. ಅಕ್ಕಿಯಲ್ಲಿ ಈ ಬಲೆ ಇಲ್ಲ. ತಣ್ಣೀರಿನಲ್ಲಿ ಕಲಸಿ ಕಡುಬು ಕಟ್ಟಿದರೆ ಬಿರಿದು ಹೂರಣ ಹೊರಕ್ಕೆ ಬರುತ್ತದೆ. ಆದರೆ ಅಕ್ಕಿಯ ಪಿಷ್ಟದ ಕಣಗಳು ಸುಮಾರು 65ರಿಂದ 75 ಡಿಗ್ರಿ ಉಷ್ಣತೆಯಲ್ಲಿ ನೀರನ್ನು ಹೀರಿ ಉಬ್ಬಿ, ತಮ್ಮ ಬಿಗಿಯಾದ ರಚನೆಯನ್ನು ಸಡಿಲಿಸಿ, ಅಂಟಾಗುತ್ತವೆ. ಗ್ಲೂಟೆನ್ ಮಾಡಬೇಕಾದ ಕೆಲಸವನ್ನು ಈ ಅಂಟು ಮಾಡುತ್ತದೆ. ಪಿಷ್ಟದ ಈ ಗುಣವನ್ನು ಮೈಸೂರಿನವರು ಬಂಗಾಳದಿಂದಲೋ ಬಂಗಾಳದವರು ಮೈಸೂರಿನಿಂದಲೋ ಕಲಿಯಬೇಕಾಗಿರಲಿಲ್ಲ. ಅಕ್ಕಿ ಇರುವ ಕಡೆಯಲ್ಲೆಲ್ಲ ಅಕ್ಕಿಯೇ ಕಲಿಸಿತು. ಇಬ್ಬರೂ ಸೇರಿ ಕಾಯಿಯ ಹೂರಣವಿಟ್ಟು ಅಂಚನ್ನು ಒತ್ತಿದರು. ಅತ್ತೆಯವರ ಪುಲಿಗೆ ಅಂಚು ನಯ, ನಮ್ಮ ತಾಯಿಯವರದಕ್ಕೆ ಹೆಣಿಗೆಯ ಅಂಚು.

ಇನ್ನೊಂದು ಸಂಗತಿ. ಬೇಳೆ ಬೇಯುವುದಕ್ಕೆ ಇಲ್ಲಿ ಹೊತ್ತು ಹೆಚ್ಚು ಹಿಡಿಯುತ್ತದೆಂದು ಅತ್ತೆಯವರು ಬಂದ ದಿನದಿಂದಲೂ ದೂರುತ್ತಿದ್ದರು. ನಮ್ಮ ತಾಯಿಯವರು ಅದು ಬೇಳೆಯ ಮೇಲಿನ ಆಕ್ಷೇಪಣೆಯೆಂದು ತಿಳಿದು ಸ್ವಲ್ಪ ಮುನಿದಿದ್ದರು. ತಪ್ಪು ಬೇಳೆಯದಲ್ಲ, ಎತ್ತರದ್ದು. ನದಿಯಾ ಸೀಮೆ ಹೆಚ್ಚುಕಡಮೆ ಸಮುದ್ರದ ಮಟ್ಟದಲ್ಲಿದೆ. ಮೈಸೂರು ಸುಮಾರು 760 ಮೀಟರು ಮೇಲಿದೆ; ಇಲ್ಲಿಯ ವಾಯುಭಾರ 760 ಮಿಲಿಮೀಟರ್ ಪಾದರಸಕ್ಕೆ ಬದಲಾಗಿ ಸುಮಾರು 695. ನೀರಿನ ಆವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ. ಆದ್ದರಿಂದ ಮೈಸೂರಿನಲ್ಲಿ ನೀರು ಸುಮಾರು 97½ ಡಿಗ್ರಿಯಲ್ಲಿಯೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಉರಿ ಎಷ್ಟು ಹೆಚ್ಚಿಸಿದರೂ ನೀರು ಅದಕ್ಕಿಂತ ಬಿಸಿಯಾಗದು. ಈ ಎರಡೂವರೆ ಡಿಗ್ರಿಯ ಕೊರತೆಯನ್ನು ಹೊತ್ತಿನಿಂದ ತುಂಬಬೇಕು. ಇದನ್ನು ತಿಳಿಸಿದಾಗ ಇಬ್ಬರ ಮುಖವೂ ತಿಳಿಯಾಯಿತು. ನಮ್ಮ ಭೌತವಿಜ್ಞಾನ ಮನೆಯಲ್ಲಿ ಸಲ್ಲಿಸಿದ ಮೊದಲ ಸೇವೆ ಇದು.

ಕಡೆಗೆ ಹಾಲಿನ ಸರದಿ. ಪುಲಿಗಳು ಹಾಲಿನಲ್ಲಿ ಬೆಂದವು. ಅತ್ತೆಯವರು ಪಾತ್ರೆಯನ್ನು ಇಳಿಸಿ, ಮುಚ್ಚಳವನ್ನು ತೆಗೆದು, ಸುಮ್ಮನೆ ಕುಳಿತರು. ಕಾಲು ಗಂಟೆಯಾದ ಮೇಲೆ ಪಾತ್ರೆಯ ಮೈಯನ್ನು ಮುಟ್ಟಿ ನೋಡಿ ಕುಡಿಕೆಗಾಗಿ ಕೈಚಾಚಿದರು. ನಮ್ಮ ತಾಯಿಯವರು ಒಮ್ಮೆ ಸೊಸೆಯ ಮುಖವನ್ನು ನೋಡಿದರು. “ಬೆಲ್ಲದ ಪಾಯಸಕ್ಕೆ ನಾವೂ ಆರಿದ ಮೇಲೆಯೇ ಹಾಲು ಹಾಕುವುದು. ಹೋದ ವರ್ಷ ನಾನು ಪಕ್ಕದಲ್ಲೇ ನಿಂತಿದ್ದೆ, ಹೇಳಬಹುದಾಗಿತ್ತು,” ಎಂದರು. ನಮ್ಮ ಪಿಎಚ್ ಉಪನ್ಯಾಸಕ್ಕೆ ಒಂದು ವರ್ಷ ತಡವಾಗಿ ದೊರೆತ ಉತ್ತರ ಅದು. ಆದರೆ ಅದನ್ನು ಅವರು ನಮಗೆ ಹೇಳಲಿಲ್ಲ, ಸೊಸೆಗೆ ಹೇಳಿದರು.

ಉಳಿದದ್ದು ಮರದ ಪ್ರಶ್ನೆ. ಅತ್ತೆಯವರು ಮಗಳ ಬಾಯಲ್ಲಿ ರಸ ಇಳಿಸುವ ಕ್ರಮವನ್ನು ಹೇಳಿಸುತ್ತಿದ್ದರು: ರಾತ್ರಿಯ ಚಳಿ, ಹೊಗೆ ಹಿಡಿಸಿದ ಗಡಿಗೆ, ಬೆಳಗಾಗುವ ಮೊದಲೇ ಒಲೆಯ ಉರಿ. ನಮ್ಮ ತಾಯಿಯವರು ಮಂಡ್ಯದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ಮನೆಯ ಹಿಂದೆಯೇ ಆಲೆಮನೆಯಿತ್ತು. ಸ್ವಲ್ಪ ಹೊತ್ತು ಯೋಚಿಸಿ, “ಕಬ್ಬಿನ ಹಾಲನ್ನೂ ರಾತ್ರಿ ಇಟ್ಟರೆ ಬೆಳಗ್ಗೆ ಹುಳಿ ಬಂದು ನೊರೆಯೇಳುತ್ತದೆ. ನಮ್ಮಪ್ಪ ಅದಕ್ಕೇ ಹೊತ್ತು ಮೀರದಂತೆ ಕೊಪ್ಪರಿಗೆಗೆ ಸುರಿಸುತ್ತಿದ್ದರು. ಹಾಗಾದರೆ ಕಬ್ಬಿನದೇನು, ಈಚಲದೇನು? ಬೆಂಕಿ ಮುಟ್ಟಿದ ಮೇಲೆ ಎರಡೂ ಬೆಲ್ಲವೇ,” ಎಂದರು. ನಾವು ಎರಡು ಪುಟಗಳಲ್ಲಿ ಹೇಳಿದ ಹುದುಗುವಿಕೆಯ ತತ್ತ್ವವನ್ನು ಅವರು ತಮ್ಮ ತಂದೆಯ ಆಲೆಮನೆಯಿಂದ ಎರಡು ಮಾತಿನಲ್ಲಿ ತೆಗೆದರು.

ಅಂದು ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿ ದುಧ್ ಪುಲಿಯ ಒಂದು ಬಟ್ಟಲೂ ದೇವರ ಮುಂದೆ ನಿಂತಿತು. ನಮ್ಮ ಶ್ರೀಮತಿಯವರು ಒಲೆಯ ಕಡೆ ತಿರುಗಿ, ಇಲ್ಲದ ಹೊಗೆಗೆ ಕಣ್ಣೊರಸಿಕೊಂಡರು. ಒಲೆ ಅನಿಲದ್ದು.

ವಾಚಕರು ಮಾಡಿ ನೋಡಬಹುದಾದುವು

ಮೇಲೆ ಹೇಳಿದ್ದನ್ನು ನಂಬಬೇಕಾಗಿಲ್ಲ. ಹಿರಿಯರ ಅನುಮತಿ ಪಡೆದು ಪರೀಕ್ಷಿಸಬಹುದು. ಎರಡು ಲೋಟ ಹಾಲನ್ನು ಬೇರೆಬೇರೆಯಾಗಿ ಕಾಯಿಸಿ, ಒಂದಕ್ಕೆ ಕುದಿಯುವಾಗಲೂ ಇನ್ನೊಂದಕ್ಕೆ ಆರಿದ ಮೇಲೂ ಒಂದೇ ತೂಕದ ಬೆಲ್ಲವನ್ನು ಬೆರೆಸಿರಿ. ಬೆಲ್ಲದಿಂದ ಬೆಲ್ಲಕ್ಕೆ ಫಲ ಬೇರೆಯಾಗುವುದನ್ನೂ ಕಾಣುವಿರಿ. ಒಂದು ಹಿಡಿ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿಯೂ ಇನ್ನೊಂದು ಹಿಡಿಯನ್ನು ಮರಳುವ ನೀರಿನಲ್ಲಿಯೂ ಕಲಸಿ, ಎರಡರಿಂದಲೂ ಕಡುಬು ಮಾಡಲು ಯತ್ನಿಸಿರಿ. ಪ್ರಯೋಗಶಾಲೆಯ ಉಷ್ಣಮಾಪಕದಿಂದ ನಿಮ್ಮ ಊರಿನ ನೀರು ಕುದಿಯುವ ಉಷ್ಣತೆಯನ್ನು ಅಳೆಯಿರಿ. ಮಂಗಳೂರಿನ ವಿದ್ಯಾರ್ಥಿಗೂ ಮಡಿಕೇರಿಯ ವಿದ್ಯಾರ್ಥಿಗೂ ಒಂದೇ ಉತ್ತರ ಬರಲಾರದು. ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಎಂಬ ಲೆಕ್ಕದಿಂದ ನಿಮ್ಮ ಊರಿನ ಎತ್ತರವನ್ನೂ ಅಂದಾಜು ಮಾಡಬಹುದು.

ಎಳ್ಳು ಬೀರಿದ್ದು

ಸಂಜೆ ನಮ್ಮ ತಾಯಿಯವರು ಅಡಕೊತ್ತಿಯನ್ನು ತೆಗೆದುಕೊಂಡು ಪಾಟಾಲಿಯ ಬಿಲ್ಲೆಗಳನ್ನು ಕಬ್ಬಿನ ಬೆಲ್ಲದಷ್ಟೇ ಸಣ್ಣ ಚೂರುಗಳಾಗಿ ಕತ್ತರಿಸಿದರು; ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಬೀಜಗಳ ನಡುವೆ ಎರಡು ಬೆಲ್ಲಗಳನ್ನೂ ಬೆರೆಸಿದರು. ಸೊಸೆಯೂ ಬೀಗಿತ್ತಿಯೂ ಜೊತೆಯಾಗಿ ಬೀದಿಯ ಮನೆಮನೆಗೂ ಹೋಗಿ ಎಳ್ಳು ಬೀರಿ ಬಂದರು.

ರಾತ್ರಿ ನೆರೆಯವರೊಬ್ಬರು ಬಂದು ಕೇಳಿದರು: “ನಿಮ್ಮ ಮನೆಯ ಎಳ್ಳಿನಲ್ಲಿ ಈ ಸಲ ಅದೇನು ಪರಿಮಳ! ಯಾವ ಬೆಲ್ಲ?”

“ನಮ್ಮ ಬೀಗರ ಊರಿನ ಬೆಲ್ಲ,” ಎಂದರು ನಮ್ಮ ತಾಯಿಯವರು.

ಯಾವ ಮರದ್ದೆಂದು ಅವರು ಹೇಳಲಿಲ್ಲ, ಬಂದವರೂ ಕೇಳಲಿಲ್ಲ. ಸಸ್ಯಶಾಸ್ತ್ರದ ವಿದ್ಯಾರ್ಥಿನಿ ಬಾಯಿ ತೆರೆಯಹೊರಟದ್ದನ್ನು ಕಂಡು ನಾವು ಅವರ ಕೈಗೆ ಎಳ್ಳುಬೆಲ್ಲದ ತಟ್ಟೆಯನ್ನು ಕೊಟ್ಟೆವು.